ಲೂಪಮ್ಮನಿಗೊಂದು ಎಡೆ

ಕೊಣನೂರಿನ ಮಿಷನ್ ಔಷಧಾಲಯದ ಹಿಂಬದಿಯ ಅಡುಗೆಮನೆಯಲ್ಲಿ ಇನ್ನೂ ಲಾಟೀನು ಉರಿಯುತ್ತಿದೆ. ಅಡುಗೆಯ ಮುದ್ದಮ್ಮ ಕುಕ್ಕುರುಗಾಲಿನಲ್ಲಿ ಕೂತು, ರಾತ್ರಿಯೇ ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಯಲು ಬಿಟ್ಟಿದ್ದ ಮುಸುಕಿನ ಜೋಳವನ್ನು ಅಂಗೈಗಳ ನಡುವೆ ಉಜ್ಜುತ್ತಿದ್ದಾರೆ. ಸಿಪ್ಪೆ ಪೊರೆಯ ಹಾಗೆ ಕಳಚಿ ನೀರಿನ ಮೇಲೆ ತೇಲುತ್ತದೆ. ಅದನ್ನು ಬಸಿದು, ಬೇರೆ ನೀರು ಹೊಯ್ದು, ಮತ್ತೆ ಉಜ್ಜಬೇಕು. ಆ ನೀರು ಹೊಯ್ಯುವ ಹೊತ್ತಿಗೆ ಅವರ ಅತ್ತೆ ದೊಡ್ಡತಾಯಮ್ಮ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ. ಅಜ್ಜಿಯ ಸೆರಗು ಹಿಡಿದುಕೊಂಡು ಮುದ್ದಮ್ಮನ ಮಗಳು ಸಣ್ಣಿ.

"ನಾಳೀಕೆ ಮಾರ್ಲಾಮಿ ಎಡೆ. ಈ ಜ್ವಾಳ ನಮ್ಮನೆ ವಸ್ಲು ದಾಟ್‌ಬಾರ್ದು. ಈಗ್ಲೇ ಯೋಳಿವ್ನಿ."

"ಒಂದೇ ಒಂದು ರೊಟ್ಟಿ ಅತ್ತೆ. ಮೂಲೇಲಿ ಇಕ್ಕಿರ್ತೀನಿ."

"ಮೂಲೇಲಿ ಇಕ್ಕಕ್ಕೆ ಅದೇನು ಬೆಕ್ಕಿನ ಊಟವಾ? ಪರದೇಸದೋರು ಬಂದು ಒಳೀಕೆ ಕುಂತ್ರೆ ನಿಮ್ಮಾವ ಬಾಗ್ಲಲ್ಲೇ ನಿಂತ್ಬುಡ್ತಾನೆ. ಮದ್ಲೇ ಮುಂಗೋಪಿ ಅವ್ನು."

ಮುದ್ದಮ್ಮನ ಕೈ ನೀರಿನೊಳಗೇ ನಿಲ್ಲುತ್ತದೆ. ಸಣ್ಣಿ "ಅಜ್ಜೀ..." ಎಂದು ಬಾಯಿ ತೆರೆದು, ಅಜ್ಜಿಯ ಮುಖ ನೋಡಿ ಸುಮ್ಮನಾಗುತ್ತಾಳೆ.

ಮಾರ್ಲಾಮಿ ಎಂದರೆ ತೀರಿಹೋದ ಹಿರಿಯರಿಗೆ ಊಟದ ಎಡೆ ಇಡುವ ಪಿತೃಪಕ್ಷದ ಹಬ್ಬ. ಈ ಜಗಳವೆಲ್ಲ ಲೂಪಮ್ಮನಿಗಾಗಿ. ಊರವರು ಲೂಪಮ್ಮ ಎಂದು ಕರೆಯುತ್ತಿದ್ದ ಸಿಸ್ಟರ್ ಲೂಪೆ ಮೆಕ್ಸಿಕೋ ದೇಶದ ಕ್ರೈಸ್ತ ಸನ್ಯಾಸಿನಿ. ಇಲ್ಲಿ ವರ್ಷಗಟ್ಟಲೆ ಹೆರಿಗೆ ಮಾಡಿಸಿದರು. ಸಣ್ಣಿ ಹುಟ್ಟಿದ್ದೂ ಅವರ ಕೈಯಲ್ಲೇ. ಕಳೆದ ಬೇಸಿಗೆಯಲ್ಲಿ ಜ್ವರ ಬಂದು ಮೈಸೂರಿಗೆ ಹೋದವರು ತಿರುಗಿ ಬರಲಿಲ್ಲ. ಅಲ್ಲೇ ಮಣ್ಣು ಮಾಡಿದರು. ಮುದ್ದಮ್ಮನಿಗೆ ಹೋಗಲಾಗಲಿಲ್ಲ. ಅಂದು ಮೂವರು ಬಾಣಂತಿಯರಿದ್ದರು, ಗಂಜಿ ಕಾಯಿಸಲು ಬೇರೆ ಯಾರೂ ಇರಲಿಲ್ಲ.

"ಪರದೇಸದೋರು ಅಂದ್ರೆ ಬೆಳ್ಗಿರ್ತಾರೆ, ಸಪ್ಪೆ ಉಣ್ತಾರೆ ಅಂದ್ಕಂಡಿದ್ದೆ ಅಮ್ಮಾರೆ," ಎಂದು ಮುದ್ದಮ್ಮ, ಮಗನ ಕಾಯಿಲೆಯ ದಿನಗಳಿಂದ ಇಲ್ಲಿಗೆ ಬಂದುಹೋಗುವ ನನ್ನ ಕಡೆ ತಿರುಗಿ ನಗುತ್ತಾರೆ. ಅತ್ತೆ ಆಗಲೇ ಹೊರಟುಹೋಗಿದ್ದಾರೆ. "ಆಯಮ್ಮ ನಂಗಿಂತ ವಸಿ ಬಣ್ಣ, ಅಷ್ಟೇಯ. ಖಾರದಲ್ಲಿ ನಮ್ಮೂರ್ನೇ ಸೋಲಿಸ್ಬುಟ್ರು. ಒಣಮೆಣಸಿನ್ಕಾಯಿ ಸುಟ್ಟು, ಬೆಳ್ಳುಳ್ಳಿ ಆಕಿ ಅರ್‍ದು ಕೊಟ್ರೆ, ಬಟ್ಟಲೇ ನೆಕ್ಬುಡೋರು."

ಬಂದ ಹೊಸತರಲ್ಲಿ ಲೂಪಮ್ಮನಿಗೆ ರಾಗಿ ಮುದ್ದೆ ಗಂಟಲಿನಲ್ಲಿ ಇಳಿಯುತ್ತಿರಲಿಲ್ಲವಂತೆ. ಅರಕಲಗೂಡಿನ ಸಂತೆಯಲ್ಲಿ ಮುಸುಕಿನ ಜೋಳ ಕಂಡ ದಿನ, ಅಲ್ಲೇ ಒಂದು ಹಿಡಿ ಎತ್ತಿ ಮೂಸಿ ಕಣ್ಣೊರೆಸಿಕೊಂಡರಂತೆ. ಸುಣ್ಣ ಹಾಕಿ ಬೇಯಿಸಬೇಕು ಎಂದು ಅವರು ತಮ್ಮ ಹರಕು ಕನ್ನಡದಲ್ಲಿ ಹೇಳಿದ್ದನ್ನು ಕೇಳಿ, ಮುದ್ದಮ್ಮ ಒಂದು ದೊಡ್ಡ ಮುಷ್ಟಿ ಸುಣ್ಣ ಸುರಿದುಬಿಟ್ಟರು. ಜೋಳ ಅರಿಶಿನದ ಬಣ್ಣಕ್ಕೆ ತಿರುಗಿತು. ರೊಟ್ಟಿ ತಿಂದವರ ನಾಲಿಗೆಯೆಲ್ಲ ಉರಿ.

"ಗ್ವಾಡೆಗೆ ಬಳಿಯೋ ಸುಣ್ಣವ ವಟ್ಟೆಗೆ ಬಳೀತಾಳೆ ಅಂತ ನಮ್ಮತ್ತೆ ಇಡೀ ಬೀದೀಲಿ ಆಡ್ಕಂಡ್ರು. ಆಯಮ್ಮ ಬೈಲಿಲ್ಲ. ಪಕ್ಕದಲ್ಲಿ ಕುಂತು, ಬೆರಳ ತುದೀಲಿ ವಸೀ ಸುಣ್ಣ ತಗ್ದು, 'ಇಷ್ಟು, ಮುದ್ದಿ, ಇಷ್ಟು' ಅಂತ ತೋರ್‍ಸಿದ್ರು. ನನ್ನ ಮುದ್ದಿ ಅಂತ ಕರ್‍ದೋರು ನಮ್ಮವ್ವ ಬುಟ್ರೆ ಅವ್ರೇಯ."

ಈಗ ಆ ರೊಟ್ಟಿ ಔಷಧಾಲಯದ ರೊಟ್ಟಿ. ಹಾಲು ಕುಡಿಸುವ ತಾಯಂದಿರಿಗೆ, ಕಾಯಿಲೆಯಿಂದ ಎದ್ದ ಮಕ್ಕಳಿಗೆ ದಿನವೂ ನಲವತ್ತು ಐವತ್ತು ರೊಟ್ಟಿ. ಒರಳಿನಲ್ಲಿ ನುಣ್ಣಗೆ ರುಬ್ಬಿ, ಎಲೆಯ ಮೇಲಲ್ಲ, ಎರಡು ಅಂಗೈಗಳ ನಡುವೆಯೇ ಪಟಪಟ ತಟ್ಟಿ ಹೆಂಚಿಗೆ ಹಾಕುತ್ತಾರೆ. ಆ ಸದ್ದು ಕೇಳಿದರೆ ವಾರ್ಡಿನ ಮಕ್ಕಳು ಎದ್ದು ಕೂರುತ್ತವೆ. ನನ್ನ ಮಗ ಟೈಫಾಯ್ಡಿನಲ್ಲಿ ಮಲಗಿದ್ದು ಎದ್ದಮೇಲೆ ಮೊದಲು ಬಾಯಿಬಿಟ್ಟು ತಿಂದದ್ದು ಆ ರೊಟ್ಟಿಯ ಅಂಚನ್ನು. ಒಲೆಯ ಹೊಗೆಗೆ ಮುದ್ದಮ್ಮನ ಕಣ್ಣು ಸದಾ ಕೆಂಪು. ಸುಣ್ಣದ ನೀರು ಬೆರಳ ಸಂದುಗಳನ್ನು ತಿಂದಿದೆ. ರಾತ್ರಿ ಹರಳೆಣ್ಣೆ ಹಚ್ಚಿಕೊಂಡು ಮಲಗುತ್ತಾರೆ.

ಪ್ರತಿವರ್ಷ ನವೆಂಬರು ಬಂತೆಂದರೆ ಲೂಪಮ್ಮ ತಮ್ಮ ಕೋಣೆಯ ಮೇಜಿನ ಮೇಲೆ ಚೆಂಡು ಹೂ ಹರಡಿ, ಬಣ್ಣದ ಕಾಗದವನ್ನು ಮಡಿಸಿ ಕತ್ತರಿಸಿ ತೋರಣ ಕಟ್ಟಿ, ಮೇಣದ ಬತ್ತಿ ಹಚ್ಚಿ, ತೀರಿಹೋದ ತಾಯಿಗೆಂದು ಬಿಸಿ ರೊಟ್ಟಿ ಇಡುತ್ತಿದ್ದರು. ಹೂವಿನ ವಾಸನೆ ಹಿಡಿದು ಸತ್ತವರು ಮನೆ ಹುಡುಕಿಕೊಂಡು ಬರುತ್ತಾರೆಂದು ಅವರ ಕಡೆ ನಂಬಿಕೆ.

"ನೋಡಿ ನಂಗೆ ಮೈ ಜುಮ್ಮಂತು. ಅಯ್ಯೋ, ಇದು ನಮ್ಮ ಮಾರ್ಲಾಮಿ ಎಡೆ ಕಣ್ರವ್ವ ಅಂದೆ. ಆಯಮ್ಮ ನನ್ನ ಕೈ ಇಡ್ಕಂಡು ನಕ್ರು." ಮುದ್ದಮ್ಮ ತೇಲಿದ ಸಿಪ್ಪೆಯನ್ನು ಬಸಿಯುತ್ತಾರೆ. "ಅವ್ರ ಮಠದೋರು ಪ್ರಾರ್ಥನೆ ಮಾಡ್ತಾರೆ, ಇಲ್ಲ ಅನ್ನಲ್ಲ. ಆದ್ರೆ ಉಣ್ಣಕ್ಕೆ? ವರ್ಸಕ್ಕೊಂದ್ಸಲ ಬಂದ ಜೀವ ಅಸ್ಕಂಡು ಓಗ್ಬಾರ್ದು. ಇದೊಂದ್ ನಡುದ್ರೆ ಸಾಕು, ಇನ್ನೇನೂ ಕೇಳಕಿಲ್ಲ ನಾನು."

ಮರುದಿನ ಸಂಜೆ, ಮನೆಯ ಕೆಲಸ ಮುಗಿಸಿ, ಮುದ್ದಮ್ಮ ಕರೆದಿದ್ದರೆಂದು ಅವರ ಮನೆಗೆ ಹೋಗುತ್ತೇನೆ. ಒಳಗೆ ಬಾಳೆಲೆಯ ಮೇಲೆ ಮುದ್ದೆ, ಬಾಡಿನ ಸಾರು, ವಡೆ, ಹೊಸ ಪಂಚೆ. ಮುದ್ದಮ್ಮನ ತೀರಿಹೋದ ಮಾವ ಪಾಪಯ್ಯನವರಿಗೆಂದು ಒಂದು ಕಟ್ಟು ಬೀಡಿ. ಧೂಪ ಹಾಕಿಯಾಗಿದೆ. ಇನ್ನು ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಹಿರಿಯರು ಉಂಡು ಹೋಗುವವರೆಗೆ ತೆರೆಯುವಂತಿಲ್ಲ. ಆಮೇಲೆ ಏನನ್ನೂ ಸೇರಿಸುವಂತಿಲ್ಲ.

ಮುದ್ದಮ್ಮ ಜಗಲಿಯಲ್ಲಿ ಕೂತಿದ್ದಾರೆ. ಮಡಿಲಲ್ಲಿ ಬಟ್ಟೆ ಸುತ್ತಿದ ಒಂದು ರೊಟ್ಟಿ. ಅತ್ತೆಯ ಮಾತು ಮೀರಿ ಅದು ಹೊಸಿಲು ದಾಟಿಲ್ಲ. ಗಂಡ ಲಕ್ಕಯ್ಯ ತಾಯಿಯ ಮುಖ ನೋಡುತ್ತಾರೆ, ಹೆಂಡತಿಯ ಮಡಿಲು ನೋಡುತ್ತಾರೆ, ಬೀದಿಯ ಕಡೆ ತಿರುಗುತ್ತಾರೆ.

"ಏಳ್ರಮ್ಮಿ, ಒತ್ತಾಯ್ತು," ಎಂದು ದೊಡ್ಡತಾಯಮ್ಮ ಬಾಗಿಲು ಎಳೆಯತೊಡಗುತ್ತಾರೆ.

ಬಾಗಿಲಿನ ಸಂದಿಗೆ ಸಣ್ಣಿ ಬಂದು ನಿಲ್ಲುತ್ತಾಳೆ.

"ಜರುಗಮ್ಮಿ, ಬೆರಳು ಸಿಕ್ಕಾಕತವೆ."

ಸಣ್ಣಿ ಜರುಗುವುದಿಲ್ಲ. ನಿನ್ನೆಯಿಂದ ಗಂಟಲಲ್ಲೇ ಇದ್ದದ್ದು ಈಗ ಹೊರಗೆ ಬರುತ್ತದೆ.

"ಅಜ್ಜೀ, ತಾತಂಗೆ ನಾವೆಲ್ಲ ಇದೀವಿ. ಲೂಪಮ್ಮಂಗೆ ಮಕ್ಳೇ ಇಲ್ವಲ್ಲ, ಅವ್ರಿಗೆ ಯಾರಜ್ಜೀ ಎಡೆ ಇಕ್ಕೋದು?"