ಗುಜರಿ ಡ್ರಮ್ಮಿನಿಂದ ಬಂದ ಚರಕ

ನನಗಾಗ ಹನ್ನೊಂದು ವರ್ಷ. ಇದು ಅರವತ್ತು ವರ್ಷದ ಹಿಂದಿನ ಮಾತು. ಆಗ ರಾಮನಗರದಲ್ಲಿ ನಮ್ಮಂಥವರ ಮನೆಗೆ ಯಾರೂ ದಾರಿ ಕೇಳಬೇಕಾಗಿರಲಿಲ್ಲ, ಮೂಗಿದ್ದರೆ ಸಾಕಿತ್ತು. ರೇಷ್ಮೆ ಗೂಡು ಬೇಯಿಸುವ ವಾಸನೆ ಬೀದಿಯ ತುದಿಗೇ ಬರುತ್ತಿತ್ತು. ಬೆಂದ ಹುಳ, ಹಸಿ ಸೌದೆಯ ಹೊಗೆ, ಒದ್ದೆ ಗೋಣಿಚೀಲ ಎಲ್ಲಾ ಕಲೆತ ವಾಸನೆ. ಹೊರಗಿನಿಂದ ಬಂದ ನೆಂಟರು ಮೂಗಿಗೆ ಸೆರಗು ಮುಚ್ಚಿಕೊಳ್ಳುತ್ತಿದ್ದರು. ನಾವು ಅದರ ನಡುವೆಯೇ ಕೂತು ಮುದ್ದೆ, ಉಪ್ಪುಸಾರು ಉಣ್ಣುತ್ತಿದ್ದೆವು. ಆ ಕಾಲ ಚೆಂದವಿತ್ತು ಅಂತ ನನ್ನ ವಯಸ್ಸಿನವರು ಹೇಳುವುದನ್ನು ಕೇಳಿದ್ದೇನೆ. ಮಾವಿನಕಾಯಿಗೆ ಉಪ್ಪುಖಾರ ಹಚ್ಚಿ ತಿಂದದ್ದು ಚೆಂದವಿತ್ತು. ಕುಂಟೆಬಿಲ್ಲೆ ಆಡಿದ್ದು ಚೆಂದವಿತ್ತು. ಉಳಿದದ್ದು ಹೇಳುತ್ತೇನೆ. ನನ್ನ ಓದು ಎರಡನೇ ಕ್ಲಾಸು, ತಪ್ಪಿದ ಅಕ್ಷರವನ್ನು ಮೊಮ್ಮಗಳು ತಿದ್ದಿದ್ದಾಳೆ. ಮಾತು ತಿದ್ದಬೇಡ ಅಂತ ಹೇಳಿದ್ದೇನೆ.

ಮನೆಯ ಹಿಂದಿನ ಚಪ್ಪರದಲ್ಲಿ ನಮ್ಮದೊಂದು ಚರಕವಿತ್ತು. ಹತ್ತಿ ನೂಲುವ ಚರಕವಲ್ಲ, ರೇಷ್ಮೆ ಬಿಚ್ಚುವುದು. ಒಲೆಯ ಮೇಲೆ ಬಾಣಲೆ, ಬಾಣಲೆಯ ಕುದಿನೀರಿನಲ್ಲಿ ಗೂಡು. ಅವ್ವ ಒಲೆಯ ಮುಂದೆ ಕೂತು ಗೂಡಿನಿಂದ ಎಳೆ ಹಿಡಿದು ಕೊಡುತ್ತಿದ್ದಳು. ನಾನು ಆಚೆ ಬದಿ ನಿಂತು ಕೈಯಲ್ಲಿ ಚಕ್ರ ತಿರುಗಿಸುತ್ತಿದ್ದೆ. ಎಳೆ ಬಂದು ಚಕ್ರಕ್ಕೆ ಸುತ್ತಿಕೊಳ್ಳುತ್ತಿತ್ತು. ಈ ಕೆಲಸಕ್ಕೆ ಇಬ್ಬರು ಬೇಕೇ ಬೇಕು, ಯಾಕೆಂದರೆ ಎಳೆ ಹಿಡಿಯುವವರ ಎರಡು ಕೈಯೂ ನೀರಿನಲ್ಲೇ ಇರುತ್ತದೆ. ಅದಕ್ಕೇ ನಾನು ಎರಡನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಬಿಟ್ಟೆ ಅನ್ನುವುದು ಸರಿಯಲ್ಲ. ಬಿಡಿಸಿದರು.

ಪಕ್ಕದ ಮನೆಯ ಜಯ ನನ್ನ ಜೊತೆಗೆ ಸ್ಕೂಲಿಗೆ ಸೇರಿದವಳು. ಅವಳು ಐದನೇ ಕ್ಲಾಸಿಗೆ ಬಂದಿದ್ದಳು. ತಿರುಗಿಸಿ ತಿರುಗಿಸಿ ನನ್ನ ಬಲಗೈ ಎಡಗೈಗಿಂತ ದಪ್ಪವಾಗಿತ್ತು. ಜಯ ನನ್ನನ್ನು ಒಂಟಿಗೈ ಪೈಲ್ವಾನ ಅಂತ ಕರೆಯುತ್ತಿದ್ದಳು. ನಾನು ಆ ದಪ್ಪ ಕೈಯಿಂದಲೇ ಅವಳ ಜಡೆ ಜಗ್ಗುತ್ತಿದ್ದೆ. ಆದರೆ ಸಂಜೆ ಅವಳು ಜಗಲಿಯ ಮೇಲೆ ಕೂತು ಪಾಠ ಓದುವಾಗ ನಮ್ಮ ಗೋಡೆಯ ಈಚೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಇದು ಅವಳಿಗೆ ಗೊತ್ತಿರಲಿಲ್ಲ.

ಆ ವರ್ಷ ಬೇಸಿಗೆ ಶುರುವಿನಲ್ಲಿ ಅಪ್ಪ ಚನ್ನಪಟ್ಟಣದ ಕಡೆ ಹೋಗಿದ್ದವನು ಖುಷಿಯಾಗಿ ಬಂದ. ಅಪ್ಪ ತಮಾಷೆಯ ಮನುಷ್ಯ. ನೂಲು ಮಾರಿ ಬಂದ ದಿನ ರಾಗ ಎಳೆದುಕೊಂಡೇ ಬಾಗಿಲು ದಾಟುತ್ತಿದ್ದ. ಅಂದು ಉಣ್ಣುತ್ತಾ ಹೇಳಿದ:

"ಅಲ್ಲೊಬ್ಬ ಚರಕಕ್ಕೆ ಸೈಕಲ್ ಪೆಡಲ್ ಹಾಕವ್ನೆ ಕಣೆ. ಕಾಲಲ್ಲಿ ತುಳುದ್ರೆ ಚಕ್ರ ತಿರುಗ್ತದೆ. ಕೈ ಎರಡೂ ಬಿಡುವು. ಒಬ್ಬರೇ ಸಾಕು."

ನಾನು ಕೇಳಿದೆ. "ಒಬ್ಬರೇ ಸಾಕು ಅಂದ್ರೆ ನಾನು?"

"ನೀನು ಸ್ಕೂಲ್‌ಗೋಗು. ಮನೇಲಿ ಕೂತು ಏನು ದನ ಕಾಯ್ತೀಯಾ? ನಮ್ಮತ್ರ ದನಾನೂ ಇಲ್ಲ."

"ದಿಟವಾಗ್ಲೂ?"

"ಸಾಮಾನು ನೀನು ಹೊಂಚು. ಹೊಸಾದು ತರಕ್ಕೆ ನಾನೇನು ಧಣಿಯಲ್ಲ. ಸವೆದಿರೋದು, ತುಕ್ಕಿಡಿದಿರೋದು ಸಾಕು. ಸ್ಕೂಲು ಬಾಗ್ಲು ತೆಗೆಯೋದ್ರೊಳಗೆ ಆಗ್ಬುಟ್ರೆ ಸೇರುಸ್ತೀನಿ."

ಅವ್ವ ಸಾರು ಬಡಿಸುತ್ತಿದ್ದಳು. ಏನೂ ಅನ್ನಲಿಲ್ಲ. ಅವಳು ಮಾತು ಕಮ್ಮಿ, ಅದಕ್ಕೇ ನಾನೂ ಏನೂ ಅಂದುಕೊಳ್ಳಲಿಲ್ಲ.

ಸ್ಟೇಷನ್ ರಸ್ತೆಯಲ್ಲಿ ಪೀರು ಸಾಬರ ಸೈಕಲ್ ಶಾಪು. ಶಾಪಿನ ಹಿಂದೆ ಒಂದು ಟಾರ್ ಡ್ರಮ್ಮು. ಸವೆದ ಚೈನು, ಹಲ್ಲು ಹೋದ ಚಕ್ರ, ಬಗ್ಗಿದ ಕಡ್ಡಿ, ಬ್ರೇಕಿನ ತಂತಿ, ಯಾವುದು ಕೆಟ್ಟರೂ ಅದರೊಳಗೆ. ಡ್ರಮ್ಮು ತುಂಬಿದಾಗ ಗುಜರಿಯವನು ಗಾಡಿ ತಂದು ತೂಕಕ್ಕೆ ಹಾಕಿಕೊಂಡು ಹೋಗುತ್ತಿದ್ದ. ಬೆಂಗಳೂರಿನಲ್ಲಿ ಕರಗಿಸುತ್ತಾರಂತೆ. ಅವನು ಬರುವ ಮೊದಲು ನಾನು ಕೈ ಹಾಕಬೇಕು.

"ಸುಮ್ಕೆ ಕೊಡೋಕಾಗಲ್ಲ ಬೇಟಿ," ಅಂದರು ಪೀರು ಸಾಬರು. "ಕಬ್ಬಿಣ ಬೇರೆ, ಅಲ್ಯೂಮಿನಿಯಂ ಬೇರೆ, ರಬ್ಬರ್ ಬೇರೆ ಮಾಡಿ ಕೊಡು. ನಿಂಗೆ ಬೇಕಾದ್ದು ನೀ ತಗೋ."

ಬೆಳಿಗ್ಗೆ ಚರಕ ತಿರುಗಿಸುವುದು, ಮಧ್ಯಾಹ್ನ ಒಲೆ ಆರಿದ ಮೇಲೆ ಡ್ರಮ್ಮಿನ ಹತ್ತಿರ ಕೂರುವುದು. ಬಿಸಿಲಿಗೆ ಕಬ್ಬಿಣ ಕಾದು ಕೈ ಸುಡುತ್ತಿತ್ತು. ಗ್ರೀಸು ಉಗುರಿನೊಳಗೆ ಸೇರಿಕೊಂಡು, ಉಣ್ಣುವಾಗ ಮುದ್ದೆಗೂ ಸೈಕಲ್ ವಾಸನೆ. ಯಾವುದು ಬೇಕು ಅಂತ ಸಾಬರೇ ಹೇಳಿಕೊಟ್ಟರು. ಸೈಕಲ್ಲಿನ ಹಿಂದಿನ ಹಲ್ಲುಚಕ್ರ ಚೆನ್ನಾಗಿದ್ದರೆ ನಮಗೆ ಉಪಯೋಗವಿಲ್ಲ. ಕಾಲು ನಿಂತರೂ ಅದು ತಿರುಗುತ್ತಲೇ ಇರುತ್ತದೆ. ರೇಷ್ಮೆ ಎಳೆ ಹರಿದಾಗ ಚರಕ ತಕ್ಷಣ ನಿಲ್ಲಬೇಕು. ಆದ್ದರಿಂದ ತುಕ್ಕು ಹಿಡಿದು ಜಾಮ್ ಆಗಿರುವುದೇ ಬೇಕು. ಊರವರೆಲ್ಲ ಬೈದು ಬಿಸಾಡಿದ ಸಾಮಾನನ್ನು ನಾನು ಸೀಮೆಎಣ್ಣೆಯಲ್ಲಿ ನೆನೆಸಿ, ಇಟ್ಟಿಗೆ ಪುಡಿಯಲ್ಲಿ ಉಜ್ಜಿ, ಅವ್ವನ ಪಾತ್ರೆಗಿಂತ ಚೆನ್ನಾಗಿ ಬೆಳಗಿ ಇಡುತ್ತಿದ್ದೆ.

ಚೈನು ಸಿಕ್ಕಿದ್ದು ಗೂಡಿನ ಮಾರ್ಕೆಟ್ಟಿನ ಮುಂದೆ. ಕೋಡಿಹಳ್ಳಿ ಕಡೆಯ ರೈತನೊಬ್ಬ ಸೈಕಲ್ ಮೇಲೆ ಗೂಡಿನ ಮೂಟೆ ಹೇರಿಕೊಂಡು ಬಂದವನು ತುಂಡಾದ ಚೈನನ್ನು ಕಿತ್ತು ಚರಂಡಿಗೆ ಎಸೆಯಲು ಕೈ ಎತ್ತಿದ್ದ.

"ಅಣ್ಣೋ, ಎಸೀಬ್ಯಾಡ, ನಂಗ್ಕೊಡು."

"ಏನ್ಮಾಡೀಯೇ ಅಮ್ಮಿ ಇದ್ನ? ಕತ್ಗಾಕಂತೀಯಾ?"

"ಸ್ಕೂಲ್‌ಗೋಗ್ತೀನಿ."

ಅವನು ನನ್ನನ್ನು ಮೇಲೆ ಕೆಳಗೆ ನೋಡಿ, "ಚೈನ್ ಹತ್ಕೊಂಡಾ?" ಅಂದ. ಸುತ್ತ ಇದ್ದವರು ನಕ್ಕರು. ಕೊಟ್ಟ. ನಾನೂ ನಕ್ಕೆ, ನನಗೇನು.

ಶನಿವಾರ ಅಪ್ಪ ಕೆಂಗಲ್ ಆಂಜನೇಯನಿಗೆ ಕರೆದುಕೊಂಡು ಹೋದ. ದೇವರಿಗೆ ಏನು ಬೇಡಿಕೊಂಡೆನೋ ಮರೆತಿದ್ದೇನೆ, ಸೈಕಲ್ ನಿಲ್ಲಿಸುವ ಕಡೆ ಮಣ್ಣಿನಲ್ಲಿ ಒಂದು ಪೆಡಲ್ ಸಿಕ್ಕಿದ್ದು ನೆನಪಿದೆ. ಇನ್ನೊಮ್ಮೆ ಡ್ರಮ್ಮಿನ ತಳದಲ್ಲಿ ಒಂದು ಇಡೀ ರಿಮ್ಮು ಸಿಕ್ಕಿತು. ಆಗ ಬೀದಿ ಮಕ್ಕಳಿಗೆ ರಿಮ್ಮು ಅಂದರೆ ಕಾರು ಸಿಕ್ಕಿದ ಹಾಗೆ. ಒಂದು ಸಂಜೆ ಕೋಲಿನಲ್ಲಿ ಹೊಡೆದುಕೊಂಡು ಇಳಿಜಾರಿನಲ್ಲಿ ಓಡಿದೆ. ಜಯ ಹಿಂದೆ ಹಿಂದೆ ಓಡಿಬಂದು ಬೇಡಿದಳು, ಕೊಡಲಿಲ್ಲ. ಬೆಳಿಗ್ಗೆ ಅದನ್ನೂ ಅಪ್ಪನ ಮುಂದೆ ಇಟ್ಟೆ. ಚರಕಕ್ಕೆ ಭಾರದ ಚಕ್ರ ಬೇಕಾಗಿತ್ತು.

ಇಲ್ಲಿ ಎರಡು ಸಂಗತಿ ಹೇಳಬೇಕು.

ಒಂದು ದಿನ ಅಪ್ಪನೂ ನಾನೂ ಶಾಪಿನಲ್ಲಿದ್ದೆವು. ಸಾಬರು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ದಾರ ಹಿಡಿದು ನನ್ನ ಸೊಂಟದಿಂದ ಹಿಮ್ಮಡಿಗೆ ಅಳತೆ ತೆಗೆದರು. ಕೈ ಚಾಚಿಸಿ ಅದನ್ನೂ ಅಳೆದರು.

"ನಂದ್ಯಾಕೆ? ಕೂರೋದು ಅವ್ವ ಅಲ್ವಾ?" ಅಂದೆ.

ಸಾಬರು ಅಪ್ಪನ ಮುಖ ನೋಡಿದರು. ಅಪ್ಪ ರಸ್ತೆ ಕಡೆ ನೋಡುತ್ತಾ, "ನಿಮ್ಮವ್ವನ್ನ ಇಲ್ಲಿ ತಂದು ಕಾಲು ಅಳೆಸಕಾಯ್ತದಾ? ನಿಂದಕ್ಕೆ ಒಂದು ಗೇಣು ಸೇರಿಸ್ಕತಾರೆ," ಅಂದ. ನನಗೆ ಸರಿ ಅನ್ನಿಸಿತು.

ಇನ್ನೊಂದು ಸಂಗತಿ ಲಂಗದ್ದು. ಅವ್ವನ ಹತ್ತಿರ ಹಸಿರು ಪಟ್ಟಿಯ ಒಂದು ಸೀರೆ ಇತ್ತು. ಹಬ್ಬಕ್ಕೆ ಮಾತ್ರ ಉಡುವುದು. ಅದನ್ನು ತಾನಾಗಿಯೇ ಹರಿದು ನನಗೆ ಲಂಗ ಹೊಲಿಯಲು ಕೂತಳು. ಕೇಳದೆಯೇ ಹೊಲಿದದ್ದು ಅದೊಂದೇ. ಹಾಕಿಕೊಂಡು ನೋಡಿದರೆ ಮೊಣಕಾಲಿನ ಕೆಳಗೆ ನಾಲ್ಕು ಬೆರಳು.

"ಗಿಡ್ಡ ಆಯ್ತು ಕಣವ್ವ. ಜಯಂದು ಹಿಮ್ಮಡಿಗಂಟ ಐತೆ."

"ಬಟ್ಟೆ ಇದ್ದಿದ್ದೇ ಅಷ್ಟು."

ಸೀರೆಯಲ್ಲಿ ಮಿಕ್ಕಿದ ಬಟ್ಟೆ ಮಡಿಸಿ ಪೆಟ್ಟಿಗೆಯ ಮೇಲೆ ಇಟ್ಟಿತ್ತು. ನಾನು ನೋಡಿದೆ. ಸ್ಕೂಲಿನ ಚೀಲಕ್ಕೆ ಇಟ್ಟಿದ್ದಾಳೆ ಅಂದುಕೊಂಡೆ. ಅಷ್ಟು ಬುದ್ಧಿ ನನ್ನದು.

ಸ್ಕೂಲು ತೆಗೆಯುವ ಹಿಂದಿನ ದಿನ ಪೀರು ಸಾಬರು ಸಾಮಾನು ಹೊತ್ತು ಮನೆಗೆ ಬಂದು ಚರಕ ಜೋಡಿಸಿದರು. ಕೆಳಗೆ ಪೆಡಲು, ಪಕ್ಕದಲ್ಲಿ ಚೈನು, ಮೇಲೆ ರಿಮ್ಮು, ಒಲೆಗೆ ಎದುರಾಗಿ ಕೂರಲು ಹಲಗೆ. ಗ್ರೀಸು ನೂಲಿಗೆ ಸಿಡಿಯಬಾರದು ಅಂತ ನಡುವೆ ತಗಡು. ಅವ್ವ ಅರಿಸಿನ ಕುಂಕುಮ ಹಚ್ಚಿದಳು, ಅಪ್ಪ ಕಾಯಿ ಒಡೆದ. ಸಾಬರು ಕೈಯಲ್ಲಿ ಪೆಡಲು ತಿರುಗಿಸಿದರು. ನಾನು ಉಜ್ಜಿದ ಚೈನು ಸದ್ದೇ ಇಲ್ಲದೆ ಓಡಿತು. ನಾನು ಕಾಯಿಚೂರು ಬಾಯಿಗೆ ಹಾಕಿಕೊಂಡು ನೋಡುತ್ತಾ ನಿಂತಿದ್ದೆ.

ಅಪ್ಪ ನನ್ನ ಕಡೆ ತಿರುಗಿ, "ಊಂ, ಕೂತ್ಕೊ," ಅಂದ.

"ಅವ್ವ ಕೂತ್ಕೊಳ್ಲಿ. ಅವಳೇ ಅಲ್ವಾ ತುಳಿಯೋದು?"

"ನಿಮ್ಮವ್ವ ಕೂತ್ರೆ ಮಂಡಿ ಒಲೆಗೆ ಹೊಡೀತದೆ. ನಿನ್ನ ಅಳತೆಗೆ ಮಾಡಿರೋದು ಇದು."

ನಾನು ಇದೂ ತಮಾಷೆ ಅಂದುಕೊಂಡು ನಕ್ಕೆ. ಬೇರೆ ಯಾರೂ ನಗಲಿಲ್ಲ.

"ಎಳೆ ಹಿಡಿಯೋದು ನಿಮ್ಮವ್ವನ್ನ ನೋಡಿ ನೋಡಿ ಕಲ್ತಿದ್ದೀಯ," ಅಂದ ಅಪ್ಪ. "ನಾಳಿಂದ ಅವಳು ಆಚೆ ಬೀದಿ ಧಣಿ ಮನೆ ಬಾಣಲೆಗೆ ಕೂಲಿಗೋಗ್ತಾಳೆ. ಮಾತಾಡಿ ಬಂದಿದ್ದೀನಿ. ಇಲ್ಲಿ ಒಬ್ಬರೇ ಸಾಕು ಅಂದಿದ್ನಲ್ಲ, ಆ ಒಬ್ಬರು ನೀನೇ."

"ಸ್ಕೂಲು?"

"ಬರೋ ವರ್ಷ ನೋಡುವ."

ಪೀರು ಸಾಬರು ಸ್ಪ್ಯಾನರುಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ನನ್ನ ಹತ್ತಿರ ಬಂದು, "ಮಗೀಗೆ ಹೇಳ್ಬುಡು ಅಂತ ನಿಮ್ಮಪ್ಪಂಗೆ ಅವತ್ತೇ ಅಂದೆ ಬೇಟಿ," ಅಂದರು. ಒಳ್ಳೆಯ ಮನುಷ್ಯ ಅಂತ ಅವರ ಹೆಸರು. ಬೇಸಿಗೆಯೆಲ್ಲ ಅವರ ಡ್ರಮ್ಮಿನ ಪಕ್ಕದಲ್ಲೇ ಕೂತಿದ್ದೆ. ಹೇಳಲು ಅವರಿಗೂ ಬಾಯಿತ್ತು.

ಅಪ್ಪ ಅವರನ್ನು ಬಿಟ್ಟುಬರಲು ಹೋದ. ನಾನು ಅಡುಗೆಮನೆಗೆ ಹೋದೆ. ಅವ್ವ ಮುದ್ದೆ ತಿರುವುತ್ತಿದ್ದಳು.

"ನಿಂಗೆ ಗೊತ್ತಿತ್ತಾ?"

"ಊಂ."

"ಯಾವಾಗಿಂದ?"

"ನಿಮ್ಮಪ್ಪ ಚನ್ನಪಟ್ಟಣದಿಂದ ಬಂದ ದಿನದಿಂದ."

"ಮತ್ತೆ ಸ್ಕೂಲಿಗೆ ಅಂತ ಲಂಗ ಯಾಕ್ ಹೊಲ್ದೆ?"

"ಸ್ಕೂಲಿಗೆ ಅಂತ ನಾನೆಲ್ಲಂದೆ?"

ಅದು ನಿಜ. ಅವಳು ಒಂದು ಸಲವೂ ಅಂದಿರಲಿಲ್ಲ. ಮುದ್ದೆ ಕಟ್ಟುತ್ತಾ, ನನ್ನ ಕಡೆ ನೋಡದೆ ಹೇಳಿದಳು:

"ಉದ್ದ ಇದ್ರೆ ಚೈನಿಗೆ ಸಿಕ್ಕಾಕಳಕಿಲ್ವಾ? ಕಾಲು ಸೀಳೋದ್ರೆ ಯಾರು ನೋಡೋರು? ಅದಕ್ಕೇ ಗಿಡ್ಡ ಮಾಡ್ದೆ."

ಅವಳು ತನ್ನ ಕೈ ಚಾಚಿ ತೋರಿಸಿದಳು. ಬೆರಳ ಸಂದೆಲ್ಲ ಬಿಳಿಚಿ, ಒಡೆದು, ಅಂಗೈ ಚರ್ಮ ಸುಲಿದಿತ್ತು. "ನಾನು ನಿನಗಿಂತ ಚಿಕ್ಕೋಳಿದ್ದಾಗ ಬಾಣಲೆ ಮುಂದೆ ಕೂತೆ. ನನ್ನ ಯಾರು ಕೇಳುದ್ರು? ಉಣ್ಣು ಬಾ."

ಅಪ್ಪನ ಸುಳ್ಳಿಗೆ ನಾನು ಒಸಿ ದಿನ ಅತ್ತು ಮರೆಯುತ್ತಿದ್ದೆನೇನೋ. ತಮಾಷೆಯವರ ಮಾತನ್ನು ನಂಬಿದ್ದು ನನ್ನ ದಡ್ಡತನ ಅಂದುಕೊಳ್ಳಬಹುದಿತ್ತು. ಆದರೆ ಅವ್ವ ತನ್ನ ಹಬ್ಬದ ಸೀರೆ ಹರಿದು, ನನ್ನ ಕಾಲಿಗೆ ಗಾಯವಾಗದಿರಲಿ ಅಂತ ಅಷ್ಟು ಜೋಪಾನವಾಗಿ ಅಳತೆ ಮಾಡಿದ್ದಳು. ಅದನ್ನು ಎಲ್ಲಿ ಇಡುವುದು ಅಂತ ನನಗೆ ಈಗಲೂ ಗೊತ್ತಿಲ್ಲ.

ಬರುವ ವರ್ಷ ಬಂತು, ಹೋಯಿತು. ಮದುವೆಯಾಗಿ ಸೋಲೂರಿಗೆ ಹೋಗುವ ತನಕ ಆ ಚರಕ ತುಳಿದೆ. ಬೆರಳುಗಳಲ್ಲಿ ಬಿಸಿ ತಿಳಿಯುವುದು ಅಲ್ಲೇ ಹೋಯಿತು. ಕುದಿಯುವ ಕಾಫಿ ಲೋಟ ಹಿಡಿದು ನಿಂತರೆ ಸೊಸೆ ಗಾಬರಿಯಾಗುತ್ತಾಳೆ. ಬಸ್ಸಿನ ಬೋರ್ಡು ಓದಿ ಮುಗಿಸುವುದರೊಳಗೆ ಬಸ್ಸು ಹೊರಟಿರುತ್ತದೆ, ಮಾಗಡಿಯದೋ ಕನಕಪುರದ್ದೋ ಅಂತ ಪಕ್ಕದವರನ್ನು ಕೇಳುತ್ತೇನೆ. ಜಯ ಟೀಚರಾಗಿ ರಿಟೈರಾದಳು. ಈಗ ರಾಮನಗರದಲ್ಲಿ ಅಂಥ ಚರಕ ಎಲ್ಲಿದೆ, ಎಲ್ಲ ಮಿಷನ್ನು. ಪೀರು ಸಾಬರ ಶಾಪಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ. ಅಪ್ಪ ಸತ್ತ ಮೇಲೆ ನಮ್ಮ ಚರಕವನ್ನು ಗುಜರಿಯವನು ತೂಕಕ್ಕೆ ಹಾಕಿಕೊಂಡು ಹೋದನಂತೆ. ಯಾರೋ ಬಂದು ಹೇಳಿದರು. ನನಗೆ ಏನೂ ಅನ್ನಿಸಲಿಲ್ಲ. ಅಪ್ಪನ ಮಾತಿಗೆ ಮನೆಯವರೆಲ್ಲ ನಗುವಾಗ ನನಗೂ ನಗು ಬರುತ್ತಿತ್ತಲ್ಲ, ಅದು ಮಾತ್ರ ಬೇಕಾಗಿತ್ತು ಅನ್ನಿಸುತ್ತದೆ. ಆ ದಿನದ ಮೇಲೆ ಅದು ಬರಲಿಲ್ಲ. ಇವತ್ತಿಗೂ ಟೈಲರ್ ಅಂಗಡಿಯಲ್ಲಿ ಟೇಪು ಹಿಡಿದರೆ ಯಾತಕ್ಕೆ ಅಂತ ಕೇಳುತ್ತೇನೆ. ರವಿಕೆಗೆ ಅಜ್ಜಿ, ಇನ್ಯಾತಕ್ಕೆ, ಅಂತ ಅವನು ನಗುತ್ತಾನೆ.

ಚರಕ ಜೋಡಿಸಿದ ಮಾರನೆಯ ಬೆಳಿಗ್ಗೆ ಸ್ಕೂಲಿನ ಗಂಟೆಗೆ ಮೊದಲೇ ಎದ್ದೆ. ಅಪ್ಪ ಒಲೆ ಹೊತ್ತಿಸಿದ್ದ. ಅವ್ವ ಕೂಲಿಗೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದಳು. ಗೂಟದಲ್ಲಿದ್ದ ಹಸಿರು ಪಟ್ಟಿಯ ಲಂಗವನ್ನು ತೆಗೆದುಕೊಂಡು, ಅವಳ ಮುಂದೆಯೇ ಕೂತು, ಹೊಲಿಗೆ ಬಿಚ್ಚದೆ ಹರಿದೆ. ಗಟ್ಟಿ ಬಟ್ಟೆ, ಹಲ್ಲಿನಲ್ಲಿ ಕಚ್ಚಬೇಕಾಯಿತು. ಒಂದು ತುಂಡನ್ನು ಎಣ್ಣೆಯಲ್ಲಿ ಅದ್ದಿ ಚೈನನ್ನು ಒಂದು ಸುತ್ತು ಪೂರ್ತಿ ಒರೆಸಿದೆ. ಆಮೇಲೆ ನನ್ನ ಹಳೆಯ ಉದ್ದ ಲಂಗವನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹಲಗೆಯ ಮೇಲೆ ಕೂತು, ಪೆಡಲಿಗೆ ಕಾಲಿಟ್ಟೆ. ಸರಿಯಾಗಿ ಎಟುಕಿತು.