ಅಂಗಾತ ಮಲಗಲಾಗದೆ ಸ್ಕ್ಯಾನಿಗೆ ಹೋದದ್ದು

ಆ ಶಬ್ದ ಮೊದಲು ಕೇಳಿಸಿದ್ದು ನನ್ನ ತಂಗಿ ಪುಟ್ಟಮ್ಮನಿಗೆ. ಊಟಿ ಮಾರ್ಕೆಟ್ಟಿನಿಂದ ಮೆಟ್ಟಿಲು ಹತ್ತಿ ಮನೆಗೆ ಬರುತ್ತಿದ್ದೆವು. "ಅಕ್ಕ, ಯಾರೋ ಶಿಳ್ಳೆ ಹಾಕ್ಕಂಡು ಹಿಂದ್ಗಡೇನೇ ಬತ್ತಾವ್ರೆ" ಎಂದಳು. ತಿರುಗಿ ನೋಡಿದೆವು. ಯಾರೂ ಇರಲಿಲ್ಲ. ಶಿಳ್ಳೆ ನನ್ನ ಉಸಿರಿನದು.

ನನಗೆ ಅರವತ್ತೆರಡು. ಮೂವತ್ತು ವರ್ಷ ಹೆಣ್ಣುಮಕ್ಕಳ ಬೋರ್ಡಿಂಗ್ ಶಾಲೆಯಲ್ಲಿ ಮೇಟ್ರನ್ ಆಗಿದ್ದೆ. ಐದೂವರೆಗೆ ಗಂಟೆ, ಆರಕ್ಕೆ ಹಾಸಿಗೆ ತಪಾಸಣೆ. ಆಸ್ತಮಾ ಎಂದು ಡಾಕ್ಟರು ಇನ್‌ಹೇಲರ್ ಕೊಟ್ಟಾಗ ಅದನ್ನೂ ಗಡಿಯಾರ ನೋಡಿಯೇ ಎಳೆದೆ. ಮೂರು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಶಿಳ್ಳೆ ಜೋರಾಯಿತು.

ಆಮೇಲೆ ಅಂಗಾತ ಮಲಗಲು ಆಗದಾಯಿತು.

ಬೆನ್ನು ಹಾಸಿಗೆಗೆ ತಾಗಿದೊಡನೆ ಯಾರೋ ಗಂಟಲ ಮೇಲೆ ಮೊಣಕಾಲೂರಿದಂತಾಗುತ್ತಿತ್ತು. ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡತೊಡಗಿದೆ. ಪುಟ್ಟಮ್ಮ ಎದ್ದು ಬರುವ ಮೊದಲು ಚಾದರವನ್ನು ಕೈಯಾರೆ ಸುಕ್ಕುಗಟ್ಟಿಸಿ, ಮಲಗಿ ಎದ್ದ ಹಾಸಿಗೆಯಂತೆ ಮಾಡಿಡುತ್ತಿದ್ದೆ. ಸುಕ್ಕು ಕಂಡರೆ ಮಕ್ಕಳನ್ನು ನಿಲ್ಲಿಸಿ ಬೈಯುತ್ತಿದ್ದವಳು. ಹೇಳಿದರೆ ಆಸ್ಪತ್ರೆಗೆ ಸೇರಿಸುತ್ತಾರೆ, ಸೇರಿಸಿದರೆ ಮಲಗಿಸುತ್ತಾರೆ, ಮಲಗಿಸಿದರೆ ಸಾಯುತ್ತೇನೆ. ನನ್ನ ಭಯ ಹೀಗೆ ಲೆಕ್ಕ ಹಾಕಿತ್ತು.

ಕೊನೆಗೆ ಶಿಳ್ಳೆ ತಾಳಲಾರದೆ ಪುಟ್ಟಮ್ಮನೇ ಕೊಯಮತ್ತೂರಿಗೆ ಕರೆದೊಯ್ದಳು. ಅಲ್ಲಿನ ಸರ್ಜನ್ ಮೈಸೂರು ಕಡೆಯ ಹೆಣ್ಣುಮಗಳು. ಎಕ್ಸ್‌ರೇ ಎತ್ತಿ ಹಿಡಿದು ಹೇಳಿದರು:

"ಆಸ್ತಮಾ ಅಲ್ಲಮ್ಮ. ಥೈರಾಯ್ಡ್ ಊದಿ ಎದೆಮೂಳೆ ಹಿಂದಕ್ಕೆ ಇಳಿದಿದೆ. ಉಸಿರಿನ ಕೊಳವೆಯನ್ನ ಒತ್ತುತ್ತಾ ಇದೆ. ಆಪರೇಷನ್‌ಗೆ ಮುಂಚೆ ಸಿ.ಟಿ. ಸ್ಕ್ಯಾನ್ ಮಾಡಿ ಕೊಳವೆ ಎಷ್ಟು ಅಗಲ ಉಳಿದಿದೆ ಅಂತ ಅಳೀಬೇಕು. ಅನಸ್ತೇಷಿಯಾ ಟ್ಯೂಬು ಅದರೊಳಗೇ ಹೋಗಬೇಕಲ್ಲ."

"ಹೋಗದಿದ್ದರೆ?"

"ಅದಕ್ಕೇ ಅಳೆಯೋದು. ಅಂಗಾತ ಮಲಗೋಕೆ ಕಷ್ಟ ಇದೆಯಾ?"

"ಇಲ್ಲ" ಎಂದೆ.

ಸ್ಕ್ಯಾನ್ ಕೋಣೆಯಲ್ಲಿ ನನ್ನನ್ನು ಅಂಗಾತ ಮಲಗಿಸಿದರು. ಮೇಜು ದೊಡ್ಡ ಬಳೆಯಂಥ ಯಂತ್ರದೊಳಕ್ಕೆ ಸರಿಯಿತು. "ಮೂಚ್ಚು ಪಿಡಿಂಗಮ್ಮಾ" ಎಂದಿತು ಸ್ಪೀಕರು, ಉಸಿರು ಹಿಡಿಯಿರಿ ಎಂದು.

ಹಿಡಿಯಲು ಉಸಿರೇ ಇರಲಿಲ್ಲ.

ಎರಡೂ ಕೈಯಲ್ಲಿ ಮೇಜು ಬಡಿದೆ. ಹೊರಕ್ಕೆಳೆದು ಕೂರಿಸಿದರು. ನನ್ನ ತುಟಿ ನೀಲಿಯಾಗಿತ್ತಂತೆ. ಪುಟ್ಟಮ್ಮ ಓಡಿ ಬಂದಳು.

"ಮತ್ತೆ ಮನೇಲಿ ಹೆಂಗ್ ಮಲಗ್ತಿದ್ದೆ?"

"ಕುರ್ಚೀಲಿ."

"ಎಷ್ಟ್ ದಿನದಿಂದ?"

"ಒಂದೂವರೆ ತಿಂಗಳು. ಚಾದರ ನಾನೇ ಸುಕ್ಕು ಮಾಡ್ತಿದ್ದೆ."

ಅವಳು ನನ್ನನ್ನೇ ನೋಡಿದಳು. "ಅಷ್ಟೊಂದ್ ಹುಡುಗೀರ್ಗೆ ಸುಳ್ಳು ಹೇಳ್ಬ್ಯಾಡಿ ಅಂತ ಬೆತ್ತ ತೋರ್ಸಿದ್ ಮಾರಾಯ್ತಿ ನೀನು! ಕುರ್ಚೀಲೇ ಹೋಗ್ಬುಟ್ಟಿದ್ರೆ ನಾನ್ ಏನ್ ಮಾಡ್ಬೇಕಿತ್ತು?" ಅಷ್ಟು ಹೇಳಿ ಸೆರಗು ಬಾಯಿಗೆ ಒತ್ತಿಕೊಂಡಳು.

ಸುದ್ದಿ ಕೇಳಿ ಬಂದ ಸರ್ಜನ್ ಬೈಯಲಿಲ್ಲ. ಅದು ಇನ್ನೂ ಹೆದರಿಸಿತು. "ಯಾವ ಕಡೆ ವಾಲಿದರೆ ಉಸಿರು ಸರಾಗ? ಅದನ್ನ ನೀವೇ ಹೇಳಬೇಕು, ಯಂತ್ರ ಹೇಳಲ್ಲ" ಎಂದರು.

ಬಲಮಗ್ಗುಲು, ತಲೆ ಸ್ವಲ್ಪ ಮೇಲೆ ಎಂದೆ. ಬೆನ್ನಿಗೆ ಸ್ಪಂಜಿನ ದಿಂಬು ಕೊಟ್ಟರು, ಮೂಗಿಗೆ ಆಕ್ಸಿಜನ್. ಅನಸ್ತೇಷಿಯಾ ಡಾಕ್ಟರು ಪಕ್ಕದಲ್ಲೇ ನಿಂತರು. ಪುಟ್ಟಮ್ಮನಿಗೂ ಸೀಸದ ಏಪ್ರನ್ ತೊಡಿಸಿ ನನ್ನ ಕಾಲ ಬಳಿ ನಿಲ್ಲಿಸಿದರು. ಅವಳು ನನ್ನ ಪಾದ ಹಿಡಿದಳು. ಯಂತ್ರ ಗಿರ್ರೆಂದಿತು. ಉಸಿರು ಹಿಡಿದು ಮನಸ್ಸಿನಲ್ಲಿ ಎಣಿಸಿದೆ. ಹನ್ನೊಂದಕ್ಕೆ ಉಸಿರು ಬಿಡಲು ಹೇಳಿದರು.

ಫಿಲ್ಮಿನಲ್ಲಿ ಕೊಳವೆ ಎಡಕ್ಕೆ ಬಾಗಿ ಸೀಳಿನಂತೆ ಕಾಣುತ್ತಿತ್ತು.

"ಐದು ಮಿಲಿಮೀಟರ್" ಎಂದರು ಡಾಕ್ಟರು.

ಪೆನ್ಸಿಲ್ಲಿಗಿಂತ ಸಣ್ಣ. ಅಷ್ಟು ಕಿಂಡಿಯಲ್ಲೇ ಉಸಿರಾಡಿಕೊಂಡು ನಾನು ಮಾರ್ಕೆಟ್ಟಿಗೆ ಹೋಗಿ ಬಂದಿದ್ದೆ, ತರಕಾರಿಗೆ ಚೌಕಾಸಿ ಮಾಡಿದ್ದೆ. ಆ ಅಳತೆಯನ್ನು ಮುಂದಿಟ್ಟುಕೊಂಡು ಅವರು ತೀರಾ ಸಣ್ಣ ಟ್ಯೂಬು ಆರಿಸಿದರು. ನನ್ನನ್ನು ಪೂರ್ತಿ ಮಲಗಿಸದೆ, ಎಚ್ಚರವಿರುವಾಗಲೇ ಅದನ್ನು ಗಂಟಲೊಳಕ್ಕೆ ಇಳಿಸುವುದೆಂದು ತೀರ್ಮಾನವಾಯಿತು. ಅದು ಹೇಗಿತ್ತೆಂದು ಬರೆಯಲಾರೆ. ಆಪರೇಷನ್ ಮುಗಿಯಿತು, ಅಷ್ಟು ಸಾಕು.

ನಾಲ್ಕು ತಿಂಗಳಾಯಿತು. ತೆಗೆದ ಥೈರಾಯ್ಡ್ ಗಡ್ಡೆ ಕ್ಯಾನ್ಸರ್ ಅಲ್ಲವೆಂದು ವರದಿ ಬಂತು. ದನಿ ಒಡೆದಿದೆ, ಮೊದಲಿನಂತೆ ಗದರಲಾರೆ. ಈಗ ಒಂದೇ ದಿಂಬು ಸಾಕು. ಮುಂದಿನ ವಾರ ಮತ್ತೆ ಸ್ಕ್ಯಾನ್, ಕೊಳವೆ ಎಷ್ಟು ಅಗಲವಾಗಿದೆ ನೋಡಲು. ನಿನ್ನೆ ಬೀನ್ಸ್ ಬಿಡಿಸುತ್ತಾ ಪುಟ್ಟಮ್ಮನಿಗೆ ಹೇಳಿದೆ:

"ಭಯ ಆಯ್ತದೆ ಕಣೆ."

"ನಂಗೂವೆ" ಎಂದಳು. "ಬಸ್ಸು ಆರೂವರೆಗೆ. ಇಬ್ರೂ ಹೋಗುಮ."