ಕಾಳಿಯಮ್ಮನ ಮಗ್ಗದ ಗುಂಡಿಗೆ ಬಂದ ನೀರು

ಕಾಳಿಯಮ್ಮ ಯಾರನ್ನೂ ಸುಲಭವಾಗಿ ನಂಬುವವಳಲ್ಲ. ಹಾಲಿನವನು ಅಳೆದು ಕೊಟ್ಟದ್ದನ್ನು ತನ್ನ ಲೋಟದಲ್ಲಿ ಮತ್ತೊಮ್ಮೆ ಅಳೆಯುತ್ತಾಳೆ. ಕರುಮತ್ತಂಪಟ್ಟಿಯ ಬಸ್ಸು ಬಂದರೆ ಕಂಡಕ್ಟರನ್ನೂ ಕೇಳಿ, ಡ್ರೈವರನ್ನೂ ಕೇಳಿ ಹತ್ತುತ್ತಾಳೆ. ಅವಳ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಮಗ್ಗದ ಸದ್ದು ಕೇಳಿದರೆ ಸಾಕು, ಆವತ್ತು ಅವಳ ಸಿಟ್ಟು ಯಾರ ಮೇಲಿದೆ ಎಂದು ನನಗೆ ತಿಳಿಯುತ್ತದೆ.

ತಮಿಳು ಸೀಮೆಯಲ್ಲಿರುವ ನಮ್ಮ ಈ ಕನ್ನಡ ನೇಕಾರರ ಬೀದಿಯಲ್ಲಿ ಈಗ ಎಲ್ಲರದೂ ಕರೆಂಟು ಮಗ್ಗ. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಉಳಿದಿರುವುದು ಅವಳದೊಂದೇ. ಕಳೆದ ಐಪ್ಪಸಿ ತಿಂಗಳ, ಅಂದರೆ ದೀಪಾವಳಿ ಹೊತ್ತಿನ, ಮಳೆಗೆ ಆ ಗುಂಡಿಯಲ್ಲಿ ನೀರು ಒಸರಿತು. ಎತ್ತಿ ಹಾಕಿದಷ್ಟೂ ಬಂತು. ಮನೆಯ ಪಕ್ಕದ ಹಳ್ಳ ತುಂಬಿ ನಿಂತಿತ್ತು.

"ಅವ್ವಾ, ಮಣ್ಣು ಹೊಡೆದು ಮುಚ್ಚಿಬುಡ್ತೀನಿ," ಎಂದ ಮಗ ಕುಮರೇಶನ್. "ಮೇಲೆ ಎರಡು ಪವರ್‌ಲೂಮ್ ನಿಲ್ಲುತ್ತೆ."

"ಮೊದ್ಲು ನನ್ನ ಮುಚ್ಚು. ಆಮೇಲೆ ಗುಂಡಿ."

ಈ ನೀರಿಗೆ ಕಾರಣ ಯಾರೆಂದು ಅವಳು ಆಗಲೇ ತೀರ್ಮಾನಿಸಿದ್ದಳು: ಹಳ್ಳದ ಕೆಳಗಡೆ ತೆಂಗಿನ ತೋಪಿರುವ ಕುಪ್ಪಸಾಮಿ. ಲಾರಿ ಹೋಗಲೆಂದು ಅವನು ಹಳ್ಳದಲ್ಲಿ ಪೈಪು ಹೂತು, ಅದರ ಮೇಲೆ ಅಡ್ಡವಾಗಿ ದಾಟು ದಾರಿ ಕಟ್ಟಿದ್ದ. ಅಲ್ಲಿ ಕಟ್ಟಿಕೊಂಡ ನೀರೇ ಹಿಂದಕ್ಕೆ ಬರುತ್ತಿದೆ ಎಂದು ಅವಳ ಲೆಕ್ಕ. ಸಾಲದ್ದಕ್ಕೆ ಆ ವಾರವೇ ಅವನು ಬೀದಿಗೆಲ್ಲ ಎಳನೀರು ಕಳಿಸಿದ.

"ಈಗ್ಯಾಕೆ ಕಳಿಸ್ದ, ಹೇಳು ನೋಡೋಣ?" ಎಂದಳು ನನ್ನ ಹತ್ತಿರ. "ತಪ್ಪು ಮಾಡ್ದೋರೇ ಹಿಂಗೆ ಕೊಡೋದು." ಮೂಸಿ ನೋಡಿ, ಆಮೇಲೆ ಕುಡಿದಳು.

ಆ ದಾಟಿನ ಮೇಲೆ ದೂರು ಕೊಡಲು ಮೊಮ್ಮಗಳು ಕೃತ್ತಿಕಾ ತಮಿಳಿನಲ್ಲಿ ಅರ್ಜಿ ಬರೆದುಕೊಟ್ಟಳು. ಬಸ್ ನಿಲ್ದಾಣದಲ್ಲಿ ಗುರುತಿಲ್ಲದ ಒಬ್ಬನಿಂದ ಅದನ್ನು ಓದಿಸಿ ಕೇಳಿದ ಮೇಲೆಯೇ ಕಾಳಿಯಮ್ಮ ಅದನ್ನು ಹಳ್ಳ ನೋಡಿಕೊಳ್ಳುವ ಸರ್ಕಾರಿ ಆಫೀಸಿಗೆ ಕೊಟ್ಟದ್ದು.

ವಿಚಾರಿಸಲು ಬಂದದ್ದು ಜಯಪ್ರಿಯಾ ಎಂಬ ಚಿಕ್ಕ ವಯಸ್ಸಿನ ಎಂಜಿನಿಯರಮ್ಮ. ತಮಿಳಿನಲ್ಲಿ ನಿಧಾನವಾಗಿ ಹೇಳಿದಳು: ಹಳ್ಳ ಸರ್ಕಾರದ್ದು. ಅದರ ಮೇಲೆ ದಾಟು ಕಟ್ಟುವವರು ಯಾರೇ ಆಗಲಿ ಅನುಮತಿ ಪಡೆಯಬೇಕು, ಮಳೆನೀರು ಪೂರ್ತಿ ಹೋಗುವಷ್ಟು ದಾರಿ ಬಿಡಬೇಕು. ಇಲ್ಲವಾದರೆ ಕೀಳಿಸುತ್ತೇವೆ.

"ಇನ್ನೊಂದ್ಸಲ ಜೋರಾಗಿ ಹೇಳಮ್ಮ," ಎಂದು ಕಾಳಿಯಮ್ಮನೂ ತಮಿಳಿನಲ್ಲೇ ಕೂಗಿದಳು. "ಅಲ್ಲಿ ನಿಂತಿರೋನಿಗೂ ಕೇಳ್ಲಿ."

ಅಲ್ಲಿ ನಿಂತಿದ್ದ ಕುಪ್ಪಸಾಮಿ ಅನುಮತಿ ಪತ್ರ ತೋರಿಸಿ ನಕ್ಕ. "ಅಕ್ಕಾ, ನನ್ನ ಪೈಪಿನೊಳಗೆ ನಿಮ್ಮ ಮೊಮ್ಮಗಳು ಬಗ್ಗದೇನೇ ನಡೀಬೋದು. ಬಂದು ನೋಡಿ."

ಹೋಗಿ ನೋಡಿದೆವು. ಅಲ್ಲಿ ನೀರು ಪಾದ ಮುಳುಗುವಷ್ಟೇ ಇತ್ತು, ಸರಾಗವಾಗಿ ಹರಿಯುತ್ತಿತ್ತು. ಎಂಜಿನಿಯರಮ್ಮ ಹಳ್ಳ ಹಿಡಿದು ಮೇಲಕ್ಕೆ ನಡೆದಳು. ನಮ್ಮ ಬೀದಿ ಹಳ್ಳವನ್ನು ದಾಟುವ ಕಡೆ ಒಂದು ದೊಡ್ಡ ಚಪ್ಪಡಿ ಕಲ್ಲಿದೆ. ಬೀದಿಯುದ್ದಕ್ಕೂ ಮಗ್ಗದ ಹಾಸಿನ ಉದ್ದನೆಯ ನೂಲು ಎಳೆದು ಗಂಜಿ ಹಚ್ಚುತ್ತಿದ್ದ ಕಾಲದಿಂದ ಅದಕ್ಕೆ ಅರಿಸಿನ ಕುಂಕುಮ ಇಡುತ್ತೇವೆ. ಕಲ್ಲಿನ ಕೆಳಬದಿಯಲ್ಲಿ ಪಾದದಷ್ಟು ನೀರು. ಮೇಲ್ಬದಿಯಲ್ಲಿ, ಕಾಳಿಯಮ್ಮನ ಗೋಡೆಯ ಪಕ್ಕ, ದಡ ಮುಟ್ಟುವಷ್ಟು.

"ಇದಕ್ಕೆ ಯಾರು ಅನುಮತಿ ಕೊಟ್ಟರು?" ಎಂದು ಎಂಜಿನಿಯರಮ್ಮ ಕೇಳಿದಳು.

"ಇದು ನಮ್ಮ ತಾತನ ಕಾಲದ್ದು," ಎಂದಳು ಕಾಳಿಯಮ್ಮ.

"ನೀರಿಗೆ ನಿಮ್ಮ ತಾತ ಗೊತ್ತಿಲ್ಲ ಅಜ್ಜಿ. ಎತ್ತಿ ನೋಡಬೇಕು."

ಕಾಳಿಯಮ್ಮ ನನ್ನ ಕಿವಿಯ ಹತ್ತಿರ ಬಂದಳು. "ಇವ್ಳೂ ಎಳನೀರು ಕುಡಿದಿರ್ಬೇಕು."

ಕುಮರೇಶನ್ ಮುಂದೆ ಬಂದ. "ಪೂಜೆ ಮಾಡೋ ಕಲ್ಲು ಎತ್ತೋದು ಬ್ಯಾಡ ಅವ್ವಾ. ಗುಂಡಿ ಮುಚ್ಚಿದ್ರೆ ಎಲ್ಲಾ ಮುಗೀತು."

ಅವಳು ಮಗನ ಮುಖ ನೋಡಿದಳು, ಕಲ್ಲು ನೋಡಿದಳು, ಮತ್ತೆ ಮಗನನ್ನೇ ದಿಟ್ಟಿಸಿದಳು. ಕಲ್ಲು ಕದಲಬಾರದು ಎಂಬ ಆತುರ ಇವನಿಗೇಕೆ ಎಂದು ಅವಳಿಗೆ ಅನಿಸಿದ್ದು ನನಗೆ ಗೊತ್ತಾಯಿತು. ಅಗಲವಾದ ದಾರಿ ಬಿಟ್ಟು ಇದೇ ಕಲ್ಲನ್ನು ಮತ್ತೆ ಇಡಬಹುದೇ ಎಂದು ಎಂಜಿನಿಯರಮ್ಮನನ್ನು ಕೇಳಿದಳು. ಅನುಮತಿಗೆ ಬರೆದುಕೊಟ್ಟರೆ ಇಡಬಹುದು ಎಂಬ ಉತ್ತರ ಬಂತು. ಕಾಳಿಯಮ್ಮ ಕಲ್ಲಿಗೆ ಕರ್ಪೂರ ಹಚ್ಚಿ, ಕಾಯಿ ಒಡೆದಳು.

"ಎತ್ತಿ."

ಕುಪ್ಪಸಾಮಿಯ ಟ್ರ್ಯಾಕ್ಟರೇ ಬರಬೇಕಾಯಿತು. ಕಲ್ಲು ಮೇಲೆದ್ದಾಗ ಅದರಡಿಯಲ್ಲಿ ಎಮ್ಮೆಕರು ಮಲಗಿದಂತೆ ಒಂದು ನೂಲಿನ ಮುದ್ದೆ, ಗಂಜಿ ಅಂಟಿ ಗಟ್ಟಿಯಾಗಿತ್ತು.

ನಮ್ಮವರು ತುಂಡು ನೂಲನ್ನು ತುಳಿಯುವುದಿಲ್ಲ, ಸುಡುವುದಿಲ್ಲ, ಕಸಕ್ಕೆ ಗುಡಿಸುವುದಿಲ್ಲ. ಆ ಕಲ್ಲಿನ ಹತ್ತಿರ ನೀರಿಗೆ ಬಿಡುತ್ತೇವೆ. ಬೀದಿಗೆ ಬಂದ ಒಬ್ಬೊಬ್ಬ ಸೊಸೆಗೂ ಇದನ್ನು ಕಲಿಸಿದ್ದು ಕಾಳಿಯಮ್ಮನೇ. ಬಿಟ್ಟಳೋ ಇಲ್ಲವೋ ಎಂದು ಬಾಗಿಲ ಸಂದಿಯಿಂದ ನೋಡುತ್ತಿದ್ದವಳೂ ಅವಳೇ. ಹತ್ತಿ ನೂಲಾಗಿದ್ದಾಗ ಅದು ಕೊಳೆತು ಹೋಗುತ್ತಿತ್ತು. ಈಗಿನದು ಪಾಲಿಯೆಸ್ಟರು, ಪ್ಲಾಸ್ಟಿಕ್ ಜರಿ. ಎಲ್ಲಿ ಕೊಳೆಯಬೇಕು?

"ಅಕ್ಕಾ," ಎಂದ ಕುಪ್ಪಸಾಮಿ, "ನನ್ನ ತೋಪಿನಲ್ಲಿ ಸೀರೆ ಬೆಳೆಯೋದಿಲ್ಲ."

ಬೀದಿಯೆಲ್ಲ ನಕ್ಕಿತು. ಕಾಳಿಯಮ್ಮ ನಗಲಿಲ್ಲ. ಕೋಲಿನಿಂದ ಆ ಮುದ್ದೆಯನ್ನು ಕೆದಕುತ್ತ, ಈ ಹಸಿರು ರುಕ್ಮಣಿಯದು, ಈ ಜರಿ ಗೋಕಿಲಾಳದು ಎಂದು ಒಂದೊಂದೇ ಬಣ್ಣಕ್ಕೆ ಮನೆ ಹುಡುಕಿದಳು. ತನ್ನ ಮಾವಿನಹಣ್ಣಿನ ಬಣ್ಣದ ಎಳೆ ಬಂದಾಗ ಕೋಲು ಸ್ವಲ್ಪ ಬೇಗ ಸರಿಯಿತು.

ಸಂಜೆಯೊಳಗೆ ಹಳ್ಳ ಇಳಿಯಿತು. ಗುಂಡಿ ಒಣಗಿದ ಮೇಲೆ ಅವಳ ಮಗ್ಗದ ಸದ್ದು ಮತ್ತೆ ನಮ್ಮ ಗೋಡೆಗೆ ಬಂತು. ಈಗ ಬೀದಿಯವರೆಲ್ಲ ತುಂಡು ನೂಲನ್ನು ಅವಳ ಜಗುಲಿಯ ಚೀಲಕ್ಕೆ ಹಾಕಬೇಕೆಂಬುದು ಅವಳ ಆಜ್ಞೆ. ಹಳ್ಳದ ಕಡೆ ಯಾರ ಹೆಜ್ಜೆ ಕೇಳಿದರೂ ಮಗ್ಗ ನಿಲ್ಲುತ್ತದೆ.

"ಯಾರದು? ಕೈ ತೋರ್ಸು."